ನಂಬಿಕೆಯೇ ಬಂಡವಾಳ: ಹಳೆಯ ಬಡಾವಣೆಗಳ ವಿಡಿಯೋ ಲೈಬ್ರರಿಗಳು

ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಾಗಲಿ, ಚಾಮರಾಜಪೇಟೆಯ ಮುಖ್ಯರಸ್ತೆಗಳ ಮಗ್ಗುಲಲ್ಲಾಗಲಿ, ಬಸವನಗುಡಿಯ ಗಾಂಧಿ ಬಜಾರಿನ ಸುತ್ತಮುತ್ತಲಾಗಲಿ ಮೂವತ್ತು ವರುಷಗಳ ಹಿಂದೆ ಸಂಜೆಯ ಹೊತ್ತು ನಡೆದಾಡಿದವರಿಗೆ ಒಂದು ದೃಶ್ಯ ಚಿರಪರಿಚಿತ. ಹಳೆಯ ಮನೆಯೊಂದರ ಕಾಂಪೌಂಡಿಗೆ ಹೊಂದಿಕೊಂಡ ಗ್ಯಾರೇಜು. ಕಾರಿಲ್ಲದ ಆ ಗ್ಯಾರೇಜಿಗೆ ಹೊಸದಾಗಿ ಹಾಕಿಸಿದ ಕಬ್ಬಿಣದ ಷಟರು. ಒಳಗೆ ಮೂರು ಗೋಡೆಗಳಿಗೂ ಮರದ ಗೂಡುಗಳು. ಗೂಡುಗಳ ತುಂಬ ಬೆನ್ನಿಗೆ ಸಂಖ್ಯೆ ಅಂಟಿಸಿಕೊಂಡು ನಿಂತ ಕಪ್ಪು ಕ್ಯಾಸೆಟ್ಟುಗಳು. ಬಾಗಿಲಿಗೆ ಅಡ್ಡಲಾಗಿ ಒಂದು ಮೇಜು, ಮೇಜಿನ ಮೇಲೆ ಉದ್ದನೆಯ ದಪ್ಪ ರಿಜಿಸ್ಟರು, ಅದರ ಹಿಂದೆ ಇಪ್ಪತ್ತೈದರ ಆಸುಪಾಸಿನ ಒಬ್ಬ ತರುಣ. ಮೇಲೆ ಕೈಬರಹದ ಫಲಕದಲ್ಲಿ ಎರಡೇ ಮಾತು: ‘ವಿಡಿಯೋ ಲೈಬ್ರರಿ’.

ಇಂದು ಆ ಗ್ಯಾರೇಜುಗಳಲ್ಲಿ ಮೊಬೈಲು ದುರಸ್ತಿಯೋ, ಔಷಧದ ಅಂಗಡಿಯೋ, ಸಿಹಿತಿನಿಸಿನ ಮಳಿಗೆಯೋ ನಡೆಯುತ್ತಿದೆ. ಅನೇಕ ಕಡೆ ಗ್ಯಾರೇಜೂ ಇಲ್ಲ, ಮನೆಯೂ ಇಲ್ಲ, ಅಪಾರ್ಟ್‌ಮೆಂಟು ಎದ್ದಿದೆ. ವಿಡಿಯೋ ಲೈಬ್ರರಿ ಎಂಬ ಉದ್ಯೋಗ ನಮ್ಮ ಕಣ್ಣೆದುರಿನಲ್ಲೇ ಹುಟ್ಟಿ, ಬೆಳೆದು, ಸುಮಾರು ಕಾಲು ಶತಮಾನದೊಳಗೆ ಕಣ್ಮರೆಯಾಯಿತು. ಅದನ್ನು ಕೇವಲ ಹಳೆಯ ನೆನಪಿನ ಸವಿಗಾಗಿ ಸ್ಮರಿಸುವುದು ಈ ಲೇಖನದ ಉದ್ದೇಶವಲ್ಲ. ಅಲ್ಪ ಬಂಡವಾಳದ ಒಬ್ಬ ತರುಣ ಸ್ವತಂತ್ರವಾಗಿ ಇಂಥ ಅಂಗಡಿಯನ್ನು ತೆರೆಯಬೇಕಾದರೆ ಏನೇನು ಬೇಕಾಗುತ್ತಿತ್ತು, ಯಾವ ಪ್ರಲೋಭನೆಗಳನ್ನು ಎದುರಿಸಬೇಕಾಗುತ್ತಿತ್ತು, ಪ್ರಾಮಾಣಿಕವಾಗಿ ಬದುಕಲು ಅವನಿಗೆ ಎಷ್ಟು ಎಡೆಯಿತ್ತು ಎಂಬುದನ್ನು ಲೆಕ್ಕವಿಟ್ಟು ನೋಡಿದರೆ, ಇಂದು ಸಣ್ಣ ಅಂಗಡಿಯ ಕನಸು ಕಾಣುವ ಮಕ್ಕಳಿರುವ ಮನೆಗಳಿಗೂ ಅದು ಪ್ರಯೋಜನಕರವೆಂಬ ನಂಬಿಕೆ ನಮ್ಮದು.

ಪುಸ್ತಕದಿಂದ ಕ್ಯಾಸೆಟ್ಟಿಗೆ

ಮಾರುವ ಅಂಗಡಿಯಲ್ಲದ ಇದಕ್ಕೆ ‘ಲೈಬ್ರರಿ’ ಎಂಬ ಹೆಸರು ಏಕೆ ಬಂದಿತು? ಉತ್ತರ ಇದೇ ಬಡಾವಣೆಗಳಲ್ಲಿದೆ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ಕಾಲದಲ್ಲಿ ಜನ ಬಂದು ನೆಲೆಸಿದ ಬಸವನಗುಡಿ ಹಾಗೂ ಮಲ್ಲೇಶ್ವರ, ಇವು ಮೂರೂ ಓದುವ ಮನೆಗಳ ಬಡಾವಣೆಗಳು. ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿ ನೆಲೆಗೊಂಡಿರುವುದನ್ನು ಇಲ್ಲಿ ನೆನೆಯಬಹುದು. ಶಾಲಾ ಉಪಾಧ್ಯಾಯರು, ಗುಮಾಸ್ತರು, ಬ್ಯಾಂಕು ನೌಕರರು ವಾಸವಾಗಿದ್ದ ಆ ಮನೆಗಳಿಗೆ ಕಾದಂಬರಿಗಳನ್ನು ಕೊಂಡು ಓದುವಷ್ಟು ಆದಾಯವಿರಲಿಲ್ಲ. ಓದದೆ ಇರುವುದೂ ಸಾಧ್ಯವಿರಲಿಲ್ಲ. ಆದುದರಿಂದ ಚಿಲ್ಲರೆ ಕಾಸಿಗೆ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಹುಟ್ಟಿಕೊಂಡವು. ಠೇವಣಿ ಕಟ್ಟಿ ಸದಸ್ಯರಾಗುವುದು, ಪುಸ್ತಕದ ಹಿಂಬದಿಗೆ ದಿನಾಂಕ ಬರೆಯಿಸಿಕೊಳ್ಳುವುದು, ತಡವಾದರೆ ದಂಡ ತೆರುವುದು ಇವೆಲ್ಲ ಗೃಹಿಣಿಯರಿಗೂ ವಿದ್ಯಾರ್ಥಿಗಳಿಗೂ ರೂಢಿಯಾಗಿತ್ತು.

ವಿಡಿಯೋ ಅಂಗಡಿ ಈ ವ್ಯವಸ್ಥೆಯನ್ನು ಹಾಗೆಯೇ ಎತ್ತಿಕೊಂಡಿತು. ಠೇವಣಿ, ಸದಸ್ಯತ್ವದ ಸಂಖ್ಯೆ, ರಿಜಿಸ್ಟರಿನ ಸಹಿ, ದಂಡ ಯಾವುದೂ ಹೊಸದಲ್ಲ. ಅಷ್ಟೇಕೆ, ಕಥೆಗಳೂ ಅನೇಕ ವೇಳೆ ಹಳೆಯವೇ. ತ್ರಿವೇಣಿಯವರ ‘ಶರಪಂಜರ’ವನ್ನು ಒಮ್ಮೆ ಕಾದಂಬರಿಯಾಗಿ ಬಾಡಿಗೆಗೆ ತಂದು ಓದಿದ ತಾಯಿ, ಪುಟ್ಟಣ್ಣ ಕಣಗಾಲರು ತೆರೆಗೆ ತಂದ ಅದೇ ಕಥೆಯನ್ನು ಮುಂದೆ ಕ್ಯಾಸೆಟ್ಟಿನ ರೂಪದಲ್ಲಿ ಬಾಡಿಗೆಗೆ ತರಿಸಿ ನೋಡಬಹುದಾಗಿತ್ತು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಪ್ರೇಮಾ ಕಾರಂತರ ನಿರ್ದೇಶನದಲ್ಲಿ 1983ರಲ್ಲಿ ಚಲನಚಿತ್ರವಾಯಿತು, ತ. ರಾ. ಸು. ಅವರ ಕಾದಂಬರಿಗಳಿಂದ 1972ರ ‘ನಾಗರಹಾವು’ ಹುಟ್ಟಿತು. ಓದುಗರೇ ವೀಕ್ಷಕರಾದ ಈ ಸಂಗತಿಯಿಂದ ಅಂಗಡಿಯವನಿಗೆ ಒಂದು ಲಾಭವಿತ್ತು: ಗಿರಾಕಿಗಳಿಗೆ ಬಾಡಿಗೆಯ ಶಿಸ್ತನ್ನು ಅವನು ಕಲಿಸಬೇಕಾಗಿರಲಿಲ್ಲ. ಒಂದು ಭಾರವೂ ಇತ್ತು: ಅವರ ಅಭಿರುಚಿಗೆ ಅವನು ಉತ್ತರ ಹೇಳಬೇಕಾಗಿತ್ತು.

ಕಾಲ ಕೂಡಿಬಂದ ಬಗೆ

ಮನೆಯಲ್ಲೇ ಚಿತ್ರವನ್ನು ನೋಡುವ ಸಾಧನಗಳು ಜಪಾನಿನಿಂದ ಬಂದವು. ಸೋನಿ ಸಂಸ್ಥೆ 1975ರಲ್ಲಿ ಬೀಟಾಮ್ಯಾಕ್ಸ್ ಪದ್ಧತಿಯನ್ನೂ, ಜೆವಿಸಿ ಸಂಸ್ಥೆ 1976ರಲ್ಲಿ ವಿಎಚ್‌ಎಸ್ ಪದ್ಧತಿಯನ್ನೂ ಮಾರುಕಟ್ಟೆಗೆ ತಂದವು. ಎರಡರಲ್ಲೂ ಅರ್ಧ ಅಂಗುಲ ಅಗಲದ ಕಾಂತೀಯ ಪಟ್ಟಿಯೇ ಇದ್ದರೂ ಒಂದರ ಕ್ಯಾಸೆಟ್ಟು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಹೆಚ್ಚು ಹೊತ್ತು ಓಡುವ ವಿಎಚ್‌ಎಸ್ ಗೆದ್ದಿತು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಇ-180 ಎಂಬ ಕ್ಯಾಸೆಟ್ಟು ಮೂರು ಗಂಟೆ ಓಡುತ್ತಿತ್ತು. ಎರಡೂವರೆ ಗಂಟೆಯ ಕನ್ನಡ ಚಿತ್ರವೊಂದು ಹಾಡುಗಳ ಸಮೇತ ಒಂದೇ ಕ್ಯಾಸೆಟ್ಟಿನಲ್ಲಿ ಸುಖವಾಗಿ ಹಿಡಿಯುತ್ತಿತ್ತು.

ಬಾಡಿಗೆಯ ಉಪಾಯವನ್ನು ಜನಪ್ರಿಯಗೊಳಿಸಿದವರೂ ದೊಡ್ಡ ಕಂಪನಿಗಳವರಲ್ಲ. ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಜಾರ್ಜ್ ಅಟ್ಕಿನ್ಸನ್ ಎಂಬವರು 1977ರಲ್ಲಿ ಒಂದು ಸಣ್ಣ ಅಂಗಡಿಯಲ್ಲಿ ಆಗ ಮಾರಾಟಕ್ಕೆ ಬಂದಿದ್ದ ಐವತ್ತು ಚಿತ್ರಗಳ ಕ್ಯಾಸೆಟ್ಟುಗಳನ್ನು ಕೊಂಡಿಟ್ಟು, ಸದಸ್ಯತ್ವದ ಹಣ ಪಡೆದು, ದಿನಕ್ಕಿಷ್ಟೆಂದು ಬಾಡಿಗೆಗೆ ಕೊಡಲಾರಂಭಿಸಿದರು. ಕೊಂಡವನು ತನ್ನ ಕ್ಯಾಸೆಟ್ಟನ್ನು ಬಾಡಿಗೆಗೆ ಕೊಡಲು ಅಲ್ಲಿನ ಕಾನೂನು ಅಡ್ಡಿ ಮಾಡಲಿಲ್ಲ. ಪ್ರಪಂಚದಾದ್ಯಂತ ಹಬ್ಬಿದ ಉದ್ಯೋಗದ ಬೀಜ ಆ ಪುಟ್ಟ ಅಂಗಡಿಯಲ್ಲಿತ್ತು.

ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ ತಿಂಗಳಿನಲ್ಲಿ. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡೆಗಳ ಸಂದರ್ಭದಲ್ಲಿ ದೇಶಕ್ಕೆ ಬಣ್ಣದ ಟೆಲಿವಿಷನ್ ಬಂದಿತು. ಮನೆಗೆ ಟಿ.ವಿ. ಬಂದ ಮೇಲೆ ಅದರಲ್ಲಿ ನೋಡುವುದಕ್ಕೆ ಇದ್ದದ್ದು ಒಂದೇ ವಾಹಿನಿ. ವಾರಕ್ಕೊಂದು ಚಿತ್ರಕ್ಕಾಗಿ ಬೀದಿಯೇ ಸ್ತಬ್ಧವಾಗುತ್ತಿದ್ದ ಆ ದಿನಗಳಲ್ಲಿ, ತಮಗೆ ಬೇಕಾದ ಚಿತ್ರವನ್ನು ಬೇಕಾದ ಹೊತ್ತಿನಲ್ಲಿ ನೋಡಬಹುದೆಂಬುದು ಸಾಮಾನ್ಯ ಸಂಗತಿಯಾಗಿರಲಿಲ್ಲ. ವಿ.ಸಿ.ಆರ್. ಯಂತ್ರವನ್ನು ಕೊಳ್ಳುವ ಶಕ್ತಿ ಕೆಲವರಿಗೆ ಮಾತ್ರವಿತ್ತು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದ ಬಂಧುಗಳು ತಂದುಕೊಟ್ಟ ಯಂತ್ರಗಳೇ ಹೆಚ್ಚು. ಆದುದರಿಂದ ಆರಂಭದ ಅಂಗಡಿಗಳು ಕ್ಯಾಸೆಟ್ಟಿನೊಂದಿಗೆ ಯಂತ್ರವನ್ನೂ ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ಕೊಡುತ್ತಿದ್ದವು. ಹುಡುಗನೊಬ್ಬ ಸೈಕಲ್ಲಿನ ಕ್ಯಾರಿಯರಿಗೆ ಯಂತ್ರವನ್ನು ಕಟ್ಟಿ ತಂದು, ತಂತಿ ಜೋಡಿಸಿ ಹೋಗುತ್ತಿದ್ದ. ಆ ರಾತ್ರಿ ಅಕ್ಕಪಕ್ಕದ ನಾಲ್ಕು ಮನೆಯವರು ಚಾಪೆ ಹಾಸಿ ಕುಳಿತು ಬೆಳಗಿನ ಹಾಲು ಬರುವವರೆಗೆ ಮೂರು ಚಿತ್ರಗಳನ್ನು ನೋಡಿ ಮುಗಿಸುತ್ತಿದ್ದರು.

ಅಂಗಡಿ ತೆರೆಯುವವನ ಲೆಕ್ಕ

ಹೊರಗಿನಿಂದ ನೋಡುವವರಿಗೆ ಇದು ಕುಳಿತು ತಿನ್ನುವ ವ್ಯಾಪಾರವೆಂದು ತೋರುತ್ತಿತ್ತು. ಲೆಕ್ಕದ ಒಳಹೊಕ್ಕು ನೋಡಿದರೆ ಚಿತ್ರ ಬೇರೆ. ಲೆಕ್ಕದ ರೀತಿ ತಿಳಿಯಲೆಂದು ಕೆಲವು ಅಂಕಿಗಳನ್ನು ಇಲ್ಲಿ ಕಲ್ಪಿಸಿಕೊಳ್ಳೋಣ. ಒಬ್ಬ ತರುಣ ತಂದೆಯ ನಿವೃತ್ತಿಯ ಹಣದಿಂದಲೋ, ತಾಯಿಯ ಬಳೆಗಳನ್ನು ಅಡವಿಟ್ಟೋ 60,000 ರೂಪಾಯಿ ಹೊಂದಿಸಿದನೆನ್ನೋಣ. 200 ಅಸಲಿ ಕ್ಯಾಸೆಟ್ಟುಗಳು ತಲಾ 200 ರೂಪಾಯಿಯಂತೆ 40,000 ರೂಪಾಯಿ. ಉಳಿದ 20,000 ಒಂದು ಯಂತ್ರ, ಗೂಡು, ಫಲಕ ಹಾಗೂ ಗ್ಯಾರೇಜಿನ ಮುಂಗಡಕ್ಕೆ. ಒಂದು ಕ್ಯಾಸೆಟ್ಟಿನ ದಿನದ ಬಾಡಿಗೆ 10 ರೂಪಾಯಿ.

ದಿನಕ್ಕೆ 30 ಕ್ಯಾಸೆಟ್ಟು ಹೊರಗೆ ಹೋದರೆ ತಿಂಗಳಿಗೆ 9,000 ರೂಪಾಯಿ ಬರುತ್ತದೆ. ಇದರಲ್ಲಿ ಜಾಗದ ಬಾಡಿಗೆ 2,000, ಸಹಾಯಕ ಹುಡುಗನಿಗೆ 1,000, ವಿದ್ಯುತ್ತು ಮತ್ತು ದುರಸ್ತಿಗೆ 700, ತಿಂಗಳಿಗೆ 12 ಹೊಸ ಕ್ಯಾಸೆಟ್ಟುಗಳಿಗೆ 2,400, ಸಾಲದ ಬಡ್ಡಿ ನೂರಕ್ಕೆ ಹದಿನೈದರಂತೆ 750. ಇವೆಲ್ಲ ಕಳೆದು ಅವನ ಕೈಗೆ ಉಳಿಯುವುದು 2,150 ರೂಪಾಯಿ. ದಿನಕ್ಕೆ 30ರ ಬದಲು 20 ಕ್ಯಾಸೆಟ್ಟು ಹೋದರೆ ಬರುವುದು 6,000; ಆಗ ಅವನು ತಿಂಗಳಿಗೆ 850 ರೂಪಾಯಿಯನ್ನು ಕೈಯಿಂದ ಹಾಕಬೇಕು. ದಿನಕ್ಕೆ ಹತ್ತು ಗಿರಾಕಿಗಳ ಅಂತರದಲ್ಲಿ ಅವನ ಮನೆಯ ಒಲೆ ಉರಿಯುವುದು ಅಥವಾ ಆರುವುದು ನಿರ್ಧಾರವಾಗುತ್ತಿತ್ತು.

ಇನ್ನು ಹೊಸ ಕ್ಯಾಸೆಟ್ಟಿನ ಮಾತು. 200 ರೂಪಾಯಿ ಕೊಟ್ಟು ತಂದದ್ದು ಇಪ್ಪತ್ತು ಸಲ ಹೊರಗೆ ಹೋದ ಮೇಲಷ್ಟೇ ತನ್ನ ಬೆಲೆಯನ್ನು ಹಿಂದಿರುಗಿಸುತ್ತದೆ. ಜನ ಕೇಳುವುದು ಹೊಸ ಚಿತ್ರವನ್ನು. ಶನಿವಾರ ಸಂಜೆ ಹದಿನೈದು ಮಂದಿ ಒಂದೇ ಚಿತ್ರವನ್ನು ಕೇಳಿ ಬರುತ್ತಾರೆ, ಅಂಗಡಿಯಲ್ಲಿರುವುದು ಒಂದೇ ಪ್ರತಿ. ಎರಡು ತಿಂಗಳ ಬಳಿಕ ಆ ಚಿತ್ರವನ್ನು ಕೇಳುವವರೇ ಇಲ್ಲ. ಇಲ್ಲಿಯೇ ಒಳ್ಳೆಯ ಅಂಗಡಿಯವನ ಜಾಣ್ಮೆ ಕಾಣಿಸುತ್ತಿತ್ತು. ಬಂದ ಹದಿನೈದು ಮಂದಿಯಲ್ಲಿ ಹದಿನಾಲ್ಕು ಮಂದಿಯನ್ನು ಬರಿಗೈಯಲ್ಲಿ ಕಳುಹಿಸದೆ, ‘ಕಸ್ತೂರಿ ನಿವಾಸ’ವನ್ನೋ, ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ ಚಿತ್ರವನ್ನೋ, ಒಂದು ಹಳೆಯ ಇಂಗ್ಲಿಷ್ ಹಾಸ್ಯಚಿತ್ರವನ್ನೋ ಅವರವರ ಮನೆಯ ಸ್ವಭಾವ ಅರಿತು ಕೈಗಿಡಬೇಕು. ಹಳೆಯ ಚಿತ್ರಗಳು ಓಡಿದರೆ ಅಂಗಡಿ ಉಳಿಯುತ್ತದೆ. ಹೊಸದೊಂದನ್ನೇ ನಂಬಿದರೆ ಮುಳುಗುತ್ತದೆ.

ದಿನನಿತ್ಯದ ದುಡಿಮೆಯೂ ಸಣ್ಣದಲ್ಲ. ಹಿಂದಿರುಗಿ ಬಂದ ಪ್ರತಿ ಕ್ಯಾಸೆಟ್ಟನ್ನೂ ಹಾಕಿ ನೋಡಬೇಕು, ಸುತ್ತದೆ ತಂದಿದ್ದರೆ ಮೊದಲಿನಿಂದ ಸುತ್ತಿಡಬೇಕು. ಯಂತ್ರದೊಳಗೆ ಕಾಂತೀಯ ಪಟ್ಟಿಯು ತಿರುಗುವ ಉರುಳೆಯೊಂದನ್ನು ಬಳಸಿ ಹಾಯುತ್ತದೆ; ಆ ಉರುಳೆಯ ಮೇಲಿರುವ ಹೆಡ್ಡುಗಳಿಗೆ ಧೂಳು ಅಂಟಿದರೆ ಪರದೆಯ ಮೇಲೆ ಹಿಮ ಸುರಿದಂತೆ ಬಿಳಿಯ ಚುಕ್ಕೆಗಳು ಕಾಣುತ್ತವೆ. ಬೆಂಗಳೂರಿನ ಮಳೆಗಾಲದ ತೇವಕ್ಕೆ ಪಟ್ಟಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಒಂದು ಕ್ಯಾಸೆಟ್ಟನ್ನು ಅರಿಯದೆ ಯಂತ್ರಕ್ಕೆ ಹಾಕಿದರೆ ಅದು ಹೆಡ್ಡನ್ನು ಕೆಡಿಸಿ, ಮುಂದೆ ಹಾಕುವ ಕ್ಯಾಸೆಟ್ಟುಗಳಿಗೂ ತೊಂದರೆ ಮಾಡುತ್ತದೆ. ಯಾರಾದರೂ ಮೇಲೆ ಬೇರೇನನ್ನೋ ರೆಕಾರ್ಡು ಮಾಡಿಬಿಟ್ಟಾರೆಂದು ಕ್ಯಾಸೆಟ್ಟಿನ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಮೊದಲೇ ಮುರಿದಿಡಬೇಕು. ಇಷ್ಟೆಲ್ಲ ಎಚ್ಚರವಹಿಸಿದರೂ ಊರು ಬಿಟ್ಟು ಹೋದ ಸದಸ್ಯನೊಡನೆ ಹೋದ ಕ್ಯಾಸೆಟ್ಟು ಹೋದಂತೆಯೇ.

ಕಾನೂನೂ ಅಂತಃಸಾಕ್ಷಿಯೂ

ಈ ಉದ್ಯೋಗದ ನಿಜವಾದ ಪರೀಕ್ಷೆ ಇದ್ದದ್ದು ಬೇರೆಡೆ. ಎರಡು ಯಂತ್ರಗಳಿಗೆ ನಡುವೆ ಒಂದು ತಂತಿ ಜೋಡಿಸಿದರೆ ಖಾಲಿ ಕ್ಯಾಸೆಟ್ಟಿನ ಮೇಲೆ ಯಾವ ಚಿತ್ರವನ್ನಾದರೂ ಇಳಿಸಿಕೊಳ್ಳಬಹುದಾಗಿತ್ತು. ಹಿಂದಿನ ಕಲ್ಪಿತ ಲೆಕ್ಕವನ್ನೇ ಮುಂದುವರಿಸೋಣ. ಖಾಲಿ ಕ್ಯಾಸೆಟ್ಟಿಗೆ 60 ರೂಪಾಯಿ ಎಂದಿಟ್ಟುಕೊಂಡರೆ, 12 ಹೊಸ ಚಿತ್ರಗಳಿಗೆ ತಗಲುವ ವೆಚ್ಚ 2,400ರಿಂದ 720ಕ್ಕೆ ಇಳಿಯುತ್ತದೆ. ಉಳಿತಾಯ 1,680 ರೂಪಾಯಿ. ಪ್ರಾಮಾಣಿಕನ ಕೈಗೆ 2,150 ರೂಪಾಯಿ ಉಳಿಯುವಲ್ಲಿ ನಕಲು ಮಾಡುವವನಿಗೆ 3,830 ರೂಪಾಯಿ ಉಳಿಯುತ್ತದೆ. ಮೇಲಾಗಿ ಒಂದೇ ಹೊಸ ಚಿತ್ರದ ಐದು ಪ್ರತಿಗಳನ್ನು ಮಾಡಿಟ್ಟುಕೊಂಡು ಶನಿವಾರದ ಹದಿನೈದು ಮಂದಿಯಲ್ಲಿ ಐವರನ್ನು ತೃಪ್ತಿಪಡಿಸಬಹುದು. ಎದುರು ಬೀದಿಯ ಅಂಗಡಿಯವನು ಹಾಗೆ ಮಾಡುತ್ತಿರುವಾಗ ತಾನೊಬ್ಬನೇ ನೇರವಾಗಿರುವುದು ಎಷ್ಟು ಕಷ್ಟವೆಂಬುದನ್ನು ನಾವು ಅನುಕಂಪದಿಂದಲೇ ಅರ್ಥಮಾಡಿಕೊಳ್ಳಬೇಕು. ಆದರೆ ಅದು ಕಳ್ಳತನವಲ್ಲವೆಂದು ಹೇಳುವಂತಿಲ್ಲ. ಸಾಲ ಮಾಡಿ ಚಿತ್ರ ತೆಗೆದ ನಿರ್ಮಾಪಕ, ಹಾಡು ಬರೆದ ಕವಿ, ದೀಪ ಹಿಡಿದ ಕಾರ್ಮಿಕ ಇವರೆಲ್ಲರ ಪಾಲಿನಿಂದ ಕಿತ್ತುಕೊಂಡದ್ದೇ ಆ 1,680 ರೂಪಾಯಿ.

ಸರ್ಕಾರ ಸುಮ್ಮನಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿ ತಂದು ವಿಡಿಯೋ ಚಿತ್ರಗಳನ್ನು ಅದರ ವ್ಯಾಪ್ತಿಗೆ ಸ್ಪಷ್ಟವಾಗಿ ಸೇರಿಸಲಾಯಿತು. ಪ್ರಕಟವಾಗುವ ಪ್ರತಿಯೊಂದು ವಿಡಿಯೋ ಚಿತ್ರದಲ್ಲೂ ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ತಯಾರಿಸಿದವರ ಹೆಸರು ಮತ್ತು ವಿಳಾಸ, ಹಕ್ಕುದಾರರ ಒಪ್ಪಿಗೆ ಪಡೆದಿರುವ ಘೋಷಣೆ, ಹಕ್ಕುದಾರರ ಹೆಸರು ಮತ್ತು ವಿಳಾಸ ಇರತಕ್ಕದ್ದೆಂದು ವಿಧಿಸಲಾಯಿತು. ಉಲ್ಲಂಘನೆಗೆ ಮೂರು ವರುಷಗಳವರೆಗೆ ಸೆರೆವಾಸದ ಶಿಕ್ಷೆಯುಂಟು. ಟಿಕೆಟ್ಟು ಪಡೆದು ಟಿ.ವಿ. ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದ ವಿಡಿಯೋ ಪಾರ್ಲರುಗಳನ್ನು ನಿಯಂತ್ರಿಸಲು ಕರ್ನಾಟಕವು ಆ ದಶಕದಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಮನೆಯಲ್ಲಿ ನೋಡಲೆಂದು ತಂದ ಕ್ಯಾಸೆಟ್ಟನ್ನು ಸಾರ್ವಜನಿಕವಾಗಿ ತೋರಿಸುವಂತಿಲ್ಲ ಎಂಬ ಮಾತು ಕ್ಯಾಸೆಟ್ಟಿನ ಮೇಲೆಯೇ ಮುದ್ರಿತವಾಗಿರುತ್ತಿತ್ತು. ಸದುದ್ದೇಶದಿಂದಲೇ ಆದರೂ ಸಂಘದ ಸಭಾಂಗಣದಲ್ಲಿ, ಯುವಜನರ ಶಿಬಿರದಲ್ಲಿ ಅಂಥ ಕ್ಯಾಸೆಟ್ಟುಗಳನ್ನು ಹಾಕಿ ತೋರಿಸಿದ ನಮ್ಮಲ್ಲಿ ಎಷ್ಟು ಮಂದಿ ಅದನ್ನು ಓದಿದ್ದೆವು?

ಆ ಬಳಿಕ 1994ರ ತಿದ್ದುಪಡಿ ಬಂದಿತು. 1995ರ ಮೇ ತಿಂಗಳಿನಿಂದ ಜಾರಿಯಾಯಿತು. ಅದರಂತೆ ಚಿತ್ರದ ಪ್ರತಿಯನ್ನು ಮಾರುವ ಹಾಗೂ ಬಾಡಿಗೆಗೆ ಕೊಡುವ ಹಕ್ಕು ಕೃತಿಸ್ವಾಮ್ಯ ಹೊಂದಿದವರದೇ ಆಗಿತ್ತು. ಆ ಪ್ರತಿ ಹಿಂದೊಮ್ಮೆ ಮಾರಾಟವಾಗಿದ್ದರೂ ಆಗ ಅದೇ ನಿಯಮವಿತ್ತು. ಅರ್ಥಾತ್, ಪೂರ್ಣ ಬೆಲೆ ತೆತ್ತು ಅಸಲಿ ಕ್ಯಾಸೆಟ್ಟು ಕೊಂಡ ಅಂಗಡಿಯವನೂ ಅದನ್ನು ಬಾಡಿಗೆಗೆ ಕೊಡಲು ಪ್ರತ್ಯೇಕ ಒಪ್ಪಿಗೆ ಪಡೆಯಬೇಕಾಯಿತು. ಅಮೆರಿಕದಲ್ಲಿ ಕೊಂಡ ಕ್ಯಾಸೆಟ್ಟನ್ನು ಬಾಡಿಗೆಗೆ ಕೊಡಲು ಸ್ವಾತಂತ್ರ್ಯವಿದ್ದುದರಿಂದಲೇ ಅಲ್ಲಿನ ಸಣ್ಣ ಅಂಗಡಿಗಳು ಬೆಳೆದವೆಂಬುದನ್ನು ನೆನೆದರೆ ಇಲ್ಲಿನ ಸಣ್ಣ ವ್ಯಾಪಾರಿಯ ಇಕ್ಕಟ್ಟು ತಿಳಿಯುತ್ತದೆ. ಕಳ್ಳನನ್ನು ಹಿಡಿಯಲು ಹಾಕಿದ ಬೇಲಿ ಪ್ರಾಮಾಣಿಕನ ಕಾಲಿಗೂ ತೊಡರಿತು. ಚಿತ್ರದ ಹಕ್ಕುದಾರರು ಕೈಗೆಟಕುವ ದರದಲ್ಲಿ, ಸುಲಭವಾದ ರೀತಿಯಲ್ಲಿ ಬಾಡಿಗೆಯ ಪರವಾನಗಿ ಕೊಡುವ ಏರ್ಪಾಡು ಪ್ರತಿ ಬಡಾವಣೆಗೂ ತಲುಪಿದ್ದರೆ, ಅನೇಕ ತರುಣರು ಸಂತೋಷದಿಂದಲೇ ಆ ಹಣವನ್ನು ಕಟ್ಟುತ್ತಿದ್ದರೆಂದು ನಮ್ಮ ಭಾವನೆ.

ಮೇಜಿನ ಹಿಂದೆ ಕುಳಿತವನು

ಈ ಲೇಖಕನ ಮನೆಯವರು ಸದಸ್ಯರಾಗಿದ್ದ ಅಂಗಡಿಯೊಂದರ ಪ್ರಸಂಗ. ರಜೆಗೆ ಬಂದಿದ್ದ ನೆಂಟರಿಗಾಗಿ, ಆಗ ಎಲ್ಲರ ಬಾಯಲ್ಲೂ ಇದ್ದ ಒಂದು ಚಿತ್ರವನ್ನು ಕೇಳಿದಾಗ ಆ ತರುಣ ಕ್ಯಾಸೆಟ್ಟನ್ನು ತೆಗೆದು ಮೇಜಿನ ಮೇಲಿಟ್ಟ. ಆದರೆ ರಿಜಿಸ್ಟರಿನಲ್ಲಿ ಬರೆಯಲಿಲ್ಲ. ‘ಸಾರ್, ಇದು ಬೇಡಿ. ಮನೇಲಿ ಅಮ್ಮಾವ್ರು, ಮಕ್ಕಳು ಎಲ್ಲಾ ಕೂತ್ಕೊಂಡು ನೋಡೋ ಪಿಕ್ಚರ್ ಅಲ್ಲ. ನೀವೊಬ್ರೇ ಒಂದ್ಸಲ ನೋಡಿ, ಆಮೇಲೆ ಬೇಕಾದ್ರೆ ತೊಗೊಂಡು ಹೋಗಿ’ ಎಂದ. ಅಂದು ಅವನಿಗೆ ಹತ್ತು ರೂಪಾಯಿ ನಷ್ಟವಾದದ್ದು ನಿಜ. ಆದರೆ ಆ ಬಳಿಕ ನಮ್ಮ ಮನೆಯ ಮಕ್ಕಳು ತಾವಾಗಿಯೇ ಹೋಗಿ ಕ್ಯಾಸೆಟ್ಟು ತರಲು ತಾಯಂದಿರು ಯಾವ ಅಳುಕೂ ಇಲ್ಲದೆ ಕಳುಹಿಸುತ್ತಿದ್ದರು. ಅವನು ಗಳಿಸಿದ್ದು ಒಂದು ಮನೆಯ ಹಲವು ವರುಷಗಳ ವ್ಯಾಪಾರವನ್ನು.

ಚಿತ್ರಗಳನ್ನು ಆರಿಸಿ ಸೂಚಿಸುವ ಹೊಣೆಯನ್ನು ದೊಡ್ಡವರೂ ಹೊತ್ತದ್ದುಂಟು. ಸಿನಿಮಾ ಹುಟ್ಟಿ ನೂರು ವರುಷ ತುಂಬಿದ 1995ರಲ್ಲಿ ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಮಂಡಳಿಯು ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳಲ್ಲಿ ಹದಿನೈದು ಹದಿನೈದರಂತೆ 45 ಚಿತ್ರಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಸೈಕಲ್ಲನ್ನು ಕಳೆದುಕೊಂಡ ಬಡ ಕಾರ್ಮಿಕನ ಕಥೆಯಾದ ಇಟಲಿಯ ‘ಬೈಸಿಕಲ್ ಥೀವ್ಸ್’, ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’ ಇವೆರಡೂ ಮೌಲ್ಯಗಳ ವಿಭಾಗದಲ್ಲಿದ್ದವು. ಧರ್ಮದ ಹೆಸರೆತ್ತದ ಚಿತ್ರವೂ ಮನುಷ್ಯನನ್ನು ಎತ್ತರಕ್ಕೆ ಒಯ್ಯಬಲ್ಲದೆಂಬ ವಿವೇಕ ಆ ಪಟ್ಟಿಯಲ್ಲಿತ್ತು. ನಮ್ಮ ಬಡಾವಣೆಯ ಅಂಗಡಿಯವನು ಅಂಥ ಪಟ್ಟಿಯನ್ನು ಕಂಡಿರಲಾರ. ಆದರೆ ಯಾವ ಮನೆಗೆ ಯಾವುದನ್ನು ಕಳುಹಿಸಬೇಕು, ಯಾವುದನ್ನು ಕಳುಹಿಸಬಾರದು ಎಂಬುದನ್ನು ಅವನು ದಿನವೂ ತೂಗಿ ನೋಡುತ್ತಿದ್ದ. ವಿಧುರರಾದ ನಿವೃತ್ತ ಮೇಷ್ಟ್ರು ಪ್ರತಿ ಭಾನುವಾರವೂ ಒಂದೇ ಹಳೆಯ ಚಿತ್ರವನ್ನು ಕೇಳಿ ಬಂದರೆ ಅದನ್ನು ಬೇರೆಯವರಿಗೆ ಕೊಡದೆ ತೆಗೆದಿಡುತ್ತಿದ್ದ.

ಎಲ್ಲರೂ ಹಾಗಿದ್ದರೆಂದಲ್ಲ. ಮೇಜಿನ ಕೆಳಗಿನ ಗೂಡಿನಲ್ಲಿ ಬೇರೆ ಬಗೆಯ ಕ್ಯಾಸೆಟ್ಟುಗಳನ್ನಿಟ್ಟು, ಮೀಸೆ ಚಿಗುರದ ಹುಡುಗರಿಗೂ ಕೊಟ್ಟು ಹಣ ಮಾಡಿದವರಿದ್ದರು. ಒಂದೇ ಫಲಕದ ಕೆಳಗೆ ಎರಡು ಬಗೆಯ ಅಂಗಡಿಗಳು ನಡೆಯುತ್ತಿದ್ದವು. ಯಾವುದು ಯಾವುದೆಂದು ಬೀದಿಗೆ ಬೇಗನೆ ತಿಳಿಯುತ್ತಿತ್ತು.

ಒಂದರ ಮೇಲೊಂದು ಹೊಡೆತ

ಈ ಉದ್ಯೋಗಕ್ಕೆ ಮೊದಲ ಪೆಟ್ಟು ತಂತಿಯ ಮೂಲಕ ಬಂದಿತು. 1991ರಲ್ಲಿ ಉಪಗ್ರಹ ವಾಹಿನಿಗಳು ಬಂದವು. ಬೀದಿ ಬೀದಿಗೂ ಕೇಬಲ್ ಹಬ್ಬಿತು. ಅಂಗಡಿಯಿಂದ ಒಂದೇ ಕ್ಯಾಸೆಟ್ಟನ್ನು ಬಾಡಿಗೆಗೆ ಒಯ್ದ ಕೇಬಲ್ಲಿನವನು ಅದನ್ನು ತನ್ನ ಯಂತ್ರಕ್ಕೆ ಹಾಕಿ ನೂರಾರು ಮನೆಗಳಿಗೆ ತೋರಿಸಿಬಿಡುತ್ತಿದ್ದ. ಹತ್ತು ರೂಪಾಯಿ ಕೊಟ್ಟವನೇ ಅಂಗಡಿಯ ವ್ಯಾಪಾರವನ್ನು ಕಿತ್ತುಕೊಂಡ! ನಕಲು ಮಾಡಿ ಬದುಕಿದ್ದ ಅಂಗಡಿಗೆ ಇದರ ವಿರುದ್ಧ ದೂರುವ ಬಾಯಿಯೂ ಇರಲಿಲ್ಲ. 1994ರಲ್ಲಿ ಉದಯ ಟಿ.ವಿ. ಆರಂಭವಾಗಿ ಕನ್ನಡ ಚಿತ್ರಗಳು ದಿನವೂ ಮನೆಯೊಳಗೆ ಬಂದವು.

ಆಮೇಲೆ ವಿ.ಸಿ.ಡಿ. ಬಂದಿತು, ಒಂದು ಚಿತ್ರಕ್ಕೆ ಎರಡು ತಟ್ಟೆಗಳು. 1996ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಡಿ.ವಿ.ಡಿ. ಕೆಲವೇ ವರುಷಗಳಲ್ಲಿ ನಮ್ಮಲ್ಲಿಗೂ ಬಂದಿತು. ಅಂಗಡಿಯವರು ಕ್ಯಾಸೆಟ್ಟುಗಳನ್ನು ಮೂಲೆಗೆ ತಳ್ಳಿ ಮತ್ತೊಮ್ಮೆ ಸಾಲ ಮಾಡಿ ತಟ್ಟೆಗಳನ್ನು ತುಂಬಿಕೊಂಡರು. 2007ರಲ್ಲಿ ಮೋಸರ್ ಬೇರ್ ಸಂಸ್ಥೆ ಅಸಲಿ ವಿ.ಸಿ.ಡಿ.ಗಳನ್ನು 28 ರೂಪಾಯಿಗೂ, ಡಿ.ವಿ.ಡಿ.ಗಳನ್ನು 34 ರೂಪಾಯಿಗೂ ಮಾರತೊಡಗಿದಾಗ, ಬಾಡಿಗೆಗೆ ತರುವುದಕ್ಕೂ ಕೊಂಡುಬಿಡುವುದಕ್ಕೂ ನಡುವಣ ಅಂತರವೇ ಅಳಿಸಿತು. ಅಸಲಿಯನ್ನು ಅಗ್ಗವಾಗಿ ಕೊಟ್ಟರೆ ಜನ ಕೊಳ್ಳುತ್ತಾರೆಂಬುದು ಆಗ ಕಂಡುಬಂದಿತು. ಆದರೆ ವಿಡಿಯೋ ಲೈಬ್ರರಿಗೆ ಅದು ತೀರ ತಡವಾಗಿ ಬಂದ ಪಾಠ. ಅದಕ್ಕೆ ತುಸು ಮುಂಚೆ ನಮ್ಮ ನಗರದಲ್ಲಿಯೇ ಹುಟ್ಟಿದ ಸೆವೆಂಟಿಎಂಎಂ ಎಂಬ ಸಂಸ್ಥೆ ಇಂಟರ್‌ನೆಟ್ಟಿನಲ್ಲಿ ಚಿತ್ರವನ್ನು ಆರಿಸಿದವರ ಮನೆಬಾಗಿಲಿಗೇ ತಟ್ಟೆ ತಲುಪಿಸುತ್ತಿತ್ತು. ಆ ಪ್ರಯತ್ನವೂ ಬಹುಕಾಲ ಬಾಳಲಿಲ್ಲ.

ದೊಡ್ಡವರೂ ಉಳಿಯಲಿಲ್ಲವೆಂಬುದೇ ಸಣ್ಣವರಿಗೆ ಸಮಾಧಾನ. 1985ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಮೊದಲ ಮಳಿಗೆ ತೆರೆದು ಸಾವಿರಾರು ಮಳಿಗೆಗಳಿಗೆ ಬೆಳೆದ ಬ್ಲಾಕ್‌ಬಸ್ಟರ್ ಸಂಸ್ಥೆ 2010ರಲ್ಲಿ ದಿವಾಳಿಯೆದ್ದಿತು; 2019ರ ಹೊತ್ತಿಗೆ ಆರೆಗಾನ್ ರಾಜ್ಯದ ಬೆಂಡ್ ಎಂಬ ಊರಿನ ಒಂದೇ ಮಳಿಗೆ ಆ ಹೆಸರಿನಲ್ಲಿ ಉಳಿಯಿತು. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಭಾರತಕ್ಕೆ ಬಂದಿತು; ಅದೇ ವರುಷದ ಜುಲೈನಲ್ಲಿ ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ ತನ್ನ ತಯಾರಿಕೆಯನ್ನು ನಿಲ್ಲಿಸಿತು.

ಅಟ್ಟದ ಮೇಲಿನ ಪೆಟ್ಟಿಗೆ

ಕೊನೆಗೊಂದು ಪ್ರಾಯೋಗಿಕ ಮಾತು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಕಾಪಾಡುವವರಿಲ್ಲದೆ ಹೋದರೆ ಒಂದು ಭಾಷೆಯ ಚಿತ್ರಗಳು ಹೇಗೆ ಅಳಿಯುತ್ತವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮುಚ್ಚಿದ ವಿಡಿಯೋ ಅಂಗಡಿಗಳ ಕ್ಯಾಸೆಟ್ಟುಗಳಲ್ಲಿ ಬಹುಪಾಲು ಗುಜರಿಗೆ ಹೋದವು. ಆದರೂ ಹಳೆಯ ಮನೆಗಳ ಅಟ್ಟದ ಮೇಲೆ ಇನ್ನೂ ಕೆಲವು ಪೆಟ್ಟಿಗೆಗಳಿರಬಹುದು. ಅವುಗಳಲ್ಲಿ ಚಲನಚಿತ್ರಗಳ ಜೊತೆಗೆ ಮದುವೆ, ನಾಮಕರಣಗಳ, ಈಗ ನಮ್ಮೊಡನಿಲ್ಲದ ಹಿರಿಯರ ದೃಶ್ಯಗಳೂ ಇರಬಹುದು. ಅಂಥವನ್ನು ತಣ್ಣಗಿನ ಒಣ ಜಾಗದಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಬೂಷ್ಟು ಕಂಡರೆ ಯಂತ್ರಕ್ಕೆ ಹಾಕದೆ, ತಿಳಿದವರಿಂದ ಸ್ವಚ್ಛಗೊಳಿಸಿ, ಕಂಪ್ಯೂಟರಿಗೆ ವರ್ಗಾಯಿಸಿಕೊಳ್ಳಿ. ಓಡಿಸುವ ಯಂತ್ರಗಳು ವರುಷ ವರುಷಕ್ಕೂ ವಿರಳವಾಗುತ್ತಿವೆ. ಮುಂದೂಡಿದಷ್ಟೂ ನಷ್ಟ ನಮ್ಮದೇ.

ಇನ್ನು ಅಂಗಡಿಯ ಕನಸು ಕಾಣುವ ತರುಣ ತರುಣಿಯರಿಗೆ. ನೀವು ತೆರೆಯುವುದು ಕಾಫಿಯ ಅಂಗಡಿಯಿರಲಿ, ಪುಸ್ತಕದ ಮಳಿಗೆಯಿರಲಿ, ದುರಸ್ತಿಯ ಕೇಂದ್ರವಿರಲಿ, ಗ್ಯಾರೇಜಿನ ಆ ತರುಣನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ. ದಿನಕ್ಕೆ ಹತ್ತು ಗಿರಾಕಿ ಕಡಿಮೆಯಾದರೆ ಎಷ್ಟು ತಿಂಗಳು ತಾಳಬಲ್ಲಿರೆಂದು ಮೊದಲೇ ತಿಳಿದಿರಿ. ನಿಮ್ಮ ಸಾಮಗ್ರಿ ನಾಳೆ ಬೇರೊಂದು ದಾರಿಯಲ್ಲಿ ಅಗ್ಗವಾಗಿ ಮನೆಗೆ ಬಂದರೆ ನಿಮ್ಮಲ್ಲಿಗೆ ಜನ ಏತಕ್ಕೆ ಬರಬೇಕೆಂದು ಕೇಳಿಕೊಳ್ಳಿ. ಎದುರು ಬೀದಿಯವನು ಅಡ್ಡದಾರಿ ಹಿಡಿದಾಗ ನೀವು ಏನು ಮಾಡುವಿರೆಂದು ಅಂಗಡಿ ತೆರೆಯುವ ಮುನ್ನವೇ ನಿರ್ಧರಿಸಿ. ಸಾಲದ ಕಂತು ಬಾಕಿಯಿರುವ ದಿನ ಆ ನಿರ್ಧಾರ ಮಾಡುವುದು ಕಷ್ಟ.

ನಮ್ಮ ಮನೆಯವರು ಸದಸ್ಯರಾಗಿದ್ದ ಆ ಅಂಗಡಿಯೂ ಮುಚ್ಚಿತು. ಮುಚ್ಚುವ ಮುನ್ನ ಆ ತರುಣ, ಆ ಹೊತ್ತಿಗೆ ನಡುವಯಸ್ಸಿನವನಾಗಿದ್ದವನು, ರಿಜಿಸ್ಟರನ್ನು ಹಿಡಿದು ಮನೆಮನೆಗೆ ಬಂದು, ವರುಷಗಳ ಹಿಂದೆ ಕಟ್ಟಿಸಿಕೊಂಡಿದ್ದ ಠೇವಣಿಯನ್ನು ಎಣಿಸಿ ಹಿಂದಿರುಗಿಸಿ, ಹೆಸರಿನ ಎದುರಿಗೆ ಸಹಿ ಹಾಕಿಸಿಕೊಂಡು ಹೋದ. ಅಷ್ಟು ಹಳೆಯ ಹಣವನ್ನು ನಾವಾರೂ ಕೇಳಿರಲಿಲ್ಲ. ಕಟ್ಟಿದ್ದೇ ನಮಗೆ ಮರೆತುಹೋಗಿತ್ತು.